ಚೀಟಿ ಹಿಡಿದ ಕೈ

ಫೆಬ್ರವರಿ 3

ತಂಗಿ ಸೂಜಿಗೆ,

ಎಲ್ಲ ಸ್ವಯಂಸೇವಕರಿಗೂ ಒಂದೇ ಸುತ್ತೋಲೆ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ನಿನಗೆ ಮಾತ್ರ ಬೇರೆಯಾಗಿ ಬರೆಯುತ್ತಿದ್ದೇನೆ. ಸುತ್ತೋಲೆ ಓದಿದ ಕೂಡಲೇ ನೀನು ಕೆಂಡವಾಗುತ್ತೀಯ ಎಂದು ಗೊತ್ತು.

ವಿಷಯ ಇಷ್ಟೇ. ಕಾಣೆಯಾದವರನ್ನು ಹುಡುಕಿಕೊಡಿ ಎಂದು ನಮ್ಮ ಜಾಲತಾಣಕ್ಕೆ ಬರುವ ಅರ್ಜಿಗಳನ್ನು ತೆರೆದು ಓದುವವರೆಲ್ಲ ಇನ್ನು ಮುಂದೆ ತಾವು ಯಾರೆಂದು ತೋರಿಸಬೇಕು. ಹದಿನೆಂಟು ತುಂಬಿರಬೇಕು. ಫೋಟೊ ಇರುವ ಗುರುತಿನ ಚೀಟಿಯ ಪ್ರತಿ ಕಳಿಸಿ, ಗುಟ್ಟು ಕಾಪಾಡುತ್ತೇನೆಂದು ಸಹಿ ಮಾಡಬೇಕು. ಮಾರ್ಚ್ ಮುಗಿಯುವುದರೊಳಗೆ ಕೊಡದವರಿಗೆ ಅರ್ಜಿಗಳ ಪೆಟ್ಟಿಗೆ ತೆರೆಯುವುದಿಲ್ಲ. ಚೀಟಿ ನೋಡುವವನು ನಾನೊಬ್ಬನೇ. ನೋಡಿ, ಸರಿಯಿದೆ ಎಂದು ಗುರುತು ಹಾಕಿ, ಪ್ರತಿಯನ್ನು ಅಳಿಸಿಬಿಡುತ್ತೇನೆ.

ಯಾಕೆ ಎಂದು ನಿನಗೆ ಗೊತ್ತು. 'ಗಾಳಿಪಟ' ಎಂಬ ಅಡ್ಡಹೆಸರಿನವನು ಅರ್ಜಿಯೊಂದರಿಂದ ವಿಳಾಸ ಎತ್ತಿಕೊಂಡು, ಮಗಳನ್ನು ಕಳೆದುಕೊಂಡ ತಾಯಿಯ ಮನೆ ಬಾಗಿಲಿಗೇ ಹೋಗಿ ನಿಂತ. ಅಡ್ಡಹೆಸರೊಂದನ್ನು ಬಿಟ್ಟರೆ ಪೊಲೀಸರಿಗೆ ಕೊಡಲು ನಮ್ಮ ಬಳಿ ಏನೂ ಇರಲಿಲ್ಲ. ಆ ಹೆಂಗಸಿನ ಎದುರು ತಲೆ ತಗ್ಗಿಸಿ ಕೂತವನು ನಾನು. ಇನ್ನೊಮ್ಮೆ ಹಾಗೆ ಕೂರಲಾರೆ.

ನಿನ್ನ,
ಎಕ್ಸ್‌ರೇ ಅಣ್ಣ


ಫೆಬ್ರವರಿ 9

ಅಣ್ಣ,

ಕೆಂಡವಾಗಲಿಲ್ಲ, ಬೂದಿಯಾದೆ. ಆಸ್ಪತ್ರೆಯಲ್ಲಿ ದಿನವೆಲ್ಲ ಜನರ ಮೂಳೆ ನೋಡುವುದು ಸಾಲದೆಂದು ಈಗ ನಮ್ಮ ಒಳಗನ್ನೂ ನೋಡಬೇಕೇ?

ನನ್ನದು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವ ಅಂಗಡಿ. ಬೇರೆಯವರ ಪ್ಯಾಂಟು ಗಿಡ್ಡ ಮಾಡುತ್ತೇನೆ, ಸತ್ತವರ ಕೋಟನ್ನು ಬದುಕಿರುವವರ ಅಳತೆಗೆ ತರುತ್ತೇನೆ. ಬಂದವರನ್ನು ನೀವು ಯಾರು, ಯಾರ ಮಗ ಎಂದು ಒಂದು ದಿನವೂ ಕೇಳಿದವಳಲ್ಲ. ಕೆಲಸ ಚೆನ್ನಾಗಿದ್ದರೆ ಸಾಲದೇ? ಆರು ವರ್ಷ ನನ್ನ ಕೈಯಲ್ಲಿ ಒಂದು ಅರ್ಜಿಯೂ ಸೋರಿಲ್ಲ. ಸಂಜೆ ಶಟರು ಎಳೆದು, ಇಸ್ತ್ರಿಪೆಟ್ಟಿಗೆ ತಣ್ಣಗಾಗುವವರೆಗೆ ಕೂತು ಓದುತ್ತೇನೆ, ಉತ್ತರ ಬರೆಯುತ್ತೇನೆ, ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಹೋಗುತ್ತೇನೆ.

ಗಾಳಿಪಟದವನು ಮಾಡಿದ ತಪ್ಪಿಗೆ ನನ್ನನ್ನು ಸಾಲಿನಲ್ಲಿ ನಿಲ್ಲಿಸುತ್ತೀರಿ. ನಿಲ್ಲುತ್ತೇನೋ ಇಲ್ಲವೋ, ಯೋಚಿಸಿ ಹೇಳುತ್ತೇನೆ.

ಸೂಜಿ


ಫೆಬ್ರವರಿ 20

ತಂಗಿ,

ನೀನು ಯೋಚಿಸುತ್ತಲೇ ಇದ್ದೀಯ. ನಾನೂ ಯೋಚಿಸಿದೆ. ಕೋಪ ಮಾಡಿಕೊಳ್ಳದೆ ಒಂದು ಪ್ರಶ್ನೆಗೆ ಉತ್ತರ ಕೊಡು. ಆರು ವರ್ಷದ ಹಿಂದೆ ಇಲ್ಲಿ ಸೇರಿದಾಗ ನಿನಗೆ ಹದಿನೆಂಟು ತುಂಬಿತ್ತು ತಾನೇ?

ಇಷ್ಟು ದಿನ ಹೊಳೆದಿರಲಿಲ್ಲ. ಮೊದಲ ದಿನವೇ ಅಣ್ಣ ಎಂದು ಕರೆದೆ, ನಾನೂ ತಂಗಿ ಎಂದುಬಿಟ್ಟೆ. ಸಣ್ಣದಕ್ಕೂ ಕೀಟಲೆ ಮಾಡುತ್ತೀಯ. ಗಂಡ, ಮಕ್ಕಳು, ಅತ್ತೆ ಮನೆ ಎಂದು ಒಂದು ದಿನವೂ ಬರೆದವಳಲ್ಲ. ಅಂಗಡಿ ಎಂದರೆ ಯಾರದೋ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿಯೇ? ಹೌದಾದರೆ ಹೇಳಿಬಿಡು, ಬೈಯುವುದಿಲ್ಲ.

ನನ್ನ ಸಂಕಟ ಬೇರೆ. ನನ್ನ ಮಗಳಿಗೆ ಹದಿನಾಲ್ಕು. ಅವಳಿಗೆ ಕಾಣದಿರಲೆಂದು ಪತ್ರಿಕೆಯ ಒಂದು ಪುಟವನ್ನು ಮಡಚಿ ಬಚ್ಚಿಡುವವನು ನಾನು. ನಿನ್ನ ಕೈಗೆ ಏನೇನು ಕೊಟ್ಟೆ ಎಂದು ನೆನೆದರೆ ಅನ್ನ ಇಳಿಯುತ್ತಿಲ್ಲ. ಆ ಅವಳಿ ಮಕ್ಕಳ ಅರ್ಜಿ, ಆಸ್ಪತ್ರೆಯಿಂದ ಹೊರಬಿದ್ದ ಆ ಮುದುಕನ ಅರ್ಜಿ. ಅವು ಮಕ್ಕಳು ಓದುವಂಥವಲ್ಲ. ವಯಸ್ಸಿನ ನಿಯಮ ಅರ್ಜಿಗಳನ್ನು ಕಾಯಲಿಕ್ಕೆ ಎಂದುಕೊಂಡಿದ್ದೆ. ಓದುವವರನ್ನು ಕಾಯಲಿಕ್ಕೂ ಬೇಕು.

ಅಣ್ಣ


ಫೆಬ್ರವರಿ 22

ಅಣ್ಣ,

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಪಕ್ಕದ ಬೀಗದ ಅಂಗಡಿಯವನು ಇಣುಕಿ ನೋಡಿ, "ಏನಾಯ್ತಮ್ಮ, ನೀರು ಬೇಕಾ?" ಎಂದ. ಇಲ್ಲ ಮಾರಾಯರೇ, ನಾನು ಮಗುವಲ್ಲ. ಆ ಚಿಂತೆ ಬಿಟ್ಟು ಊಟ ಮಾಡಿ.

ನಕ್ಕು ಮುಗಿದ ಮೇಲೆ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ನೀವು ಊಟ ಬಿಟ್ಟಿದ್ದೀರಿ ಎಂಬುದು ಮನಸ್ಸಿಗೆ ತಟ್ಟಿತು. ನನ್ನ ಬಗ್ಗೆ ಯಾರೂ ಹಾಗೆ ಚಿಂತೆ ಮಾಡಿ ಬಹಳ ಕಾಲವಾಯಿತು.

ಚೀಟಿ ಕಳಿಸುವುದಾದರೆ ಒಂದು ಮಾತು ಕೊಡಬೇಕು. ನೋಡಿದ್ದನ್ನು ಮರೆಯಬೇಕು. ಪ್ರತಿಯನ್ನು ಅಳಿಸುವುದು ಸುಲಭ. ನಾನು ಹೇಳುತ್ತಿರುವುದು ಅದನ್ನಲ್ಲ.

ಸೂಜಿ


ಫೆಬ್ರವರಿ 23

ತಂಗಿ,

ಮಾತು ಕೊಟ್ಟೆ. ಎಕ್ಸ್‌ರೇ ಕೋಣೆಯಲ್ಲಿ ನೋಡಿದ್ದನ್ನು ಹೊಸಿಲು ದಾಟಿಸದೆ ಇಪ್ಪತ್ತು ವರ್ಷ ಕಳೆದವನು. ಇದೇನು ಮಹಾ.

ಅಣ್ಣ


ಮಾರ್ಚ್ 30

ಅಣ್ಣ,

ಲಗತ್ತಿಸಿದ್ದೇನೆ. ಸಹಿಯನ್ನೂ ಹಾಕಿದ್ದೇನೆ. ಕಳಿಸುವ ಮುನ್ನ ಮೂರು ಸಲ ಕಂಪ್ಯೂಟರ್ ಮುಚ್ಚಿದೆ. ಇನ್ನೇನೂ ಬರೆಯಲಾರೆ.

ಸೂಜಿ


ಏಪ್ರಿಲ್ 2

ಅಕ್ಕಾ,

ನಿಮ್ಮ ಪರಿಶೀಲನೆ ಮುಗಿಯಿತು. ಪ್ರತಿಯನ್ನು ಅಳಿಸಿದ್ದೇನೆ. ಪೆಟ್ಟಿಗೆ ಎಂದಿನಂತೆ ತೆರೆದಿರುತ್ತದೆ.

ಹೊಸದಾಗಿ ಸೇರಿದ ಇಬ್ಬರಿಗೆ ಕೆಲಸ ಕಲಿಸಬೇಕಿದೆ. ದಯವಿಟ್ಟು ನೀವು ಒಪ್ಪಿಕೊಳ್ಳಬೇಕು. "ಏನೇ ಅನುಮಾನ ಬಂದರೂ ಸೂಜಿ ಅಕ್ಕನನ್ನು ಕೇಳಿ" ಎಂದು ಸ್ವಯಂಸೇವಕರ ಸೂಚನಾ ಹಲಗೆಯಲ್ಲಿ ಈಗಾಗಲೇ ಬರೆದಿದ್ದೇನೆ. ದಿನವೆಲ್ಲ ಹೊಲಿಗೆ, ಆಮೇಲೆ ಈ ಓದು. ಕಣ್ಣಿಗೆ ತ್ರಾಸವಾದರೆ ಅರ್ಜಿಗಳನ್ನು ಕಡಿಮೆ ಮಾಡಿಕೊಳ್ಳಿ, ಸಂಕೋಚ ಬೇಡ.

ನಿಮ್ಮ,
ಎಕ್ಸ್‌ರೇ


ಏಪ್ರಿಲ್ 3

ಎಕ್ಸ್‌ರೇಯವರಿಗೆ,

ಪ್ರತಿಯನ್ನು ಅಳಿಸಿದಿರಿ. ನಾಲಿಗೆಯ ಮೇಲಿನದನ್ನು ಅಳಿಸಲಿಲ್ಲ.

ಫೆಬ್ರವರಿಯಲ್ಲಿ ತಂಗಿಯಾಗಿದ್ದವಳು ಏಪ್ರಿಲ್‌ನಲ್ಲಿ ಅಕ್ಕನಾದೆ. ನೀನು ಹೋಗಿ ನೀವು ಬಂತು. ಕಣ್ಣಿನ ತ್ರಾಸ ವಿಚಾರಿಸುತ್ತೀರಿ. ನನಗೆ ಬರೆದ ಪತ್ರದಲ್ಲಿ ಮಾತ್ರವಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಎಲ್ಲರೂ ಓದುವ ಹಲಗೆಯಲ್ಲಿ ಬರೆದಿರಿ! ಸಂಜೆಯಾಗುವುದರೊಳಗೆ ಇಬ್ಬರು ಕೇಳಿದರು. "ಅಯ್ಯೋ, ನೀವು ಅಷ್ಟು ದೊಡ್ಡವ್ರಾ? ನಾವು ಯಾರೋ ಚಿಕ್ಕ ಹುಡುಗಿ ಅಂದ್ಕೊಂಡಿದ್ವಿ!" ಮೂರನೆಯವಳು, "ನನ್ನ ಅಮ್ಮನ ವಯಸ್ಸಾ, ಅತ್ತೆ ವಯಸ್ಸಾ ಹೇಳಿ" ಎಂದು ಆಟ ಹೂಡಿದಳು.

ಇದರಲ್ಲಿ ಏನು ಕಳೆದುಹೋಯಿತು ಎನ್ನಬಹುದು ನೀವು. ಕಾಣದಂತೆ ಬದುಕುವವಳಿಗೆ ವಯಸ್ಸು ಎಂದರೆ ಅರ್ಧ ವಿಳಾಸ. ಉಳಿದರ್ಧವನ್ನು ಹುಡುಕಿಕೊಳ್ಳಲು ಜನರಿಗೆ ಎಷ್ಟು ಹೊತ್ತು ಬೇಕು?

ಚೀಟಿ ಕೈಗೆ ಬಂದ ಮೇಲೆ ನಿಮ್ಮ ಮಾತಿಗೆ ನಾಲ್ಕು ದಿನವೂ ಆಯುಸ್ಸಿರಲಿಲ್ಲ.

ಸೂಜಿ


ಏಪ್ರಿಲ್ 4

ತಂಗಿ,

ತಪ್ಪಾಯಿತು. ಹಲಗೆಯ ಮೇಲಿನ ಸಾಲನ್ನು ತೆಗೆದೆ. "ಎಕ್ಸ್‌ರೇಗೆ ವಯಸ್ಸಾಯಿತು, ಯಾರನ್ನು ಕಂಡರೂ ಅಕ್ಕ, ಅಮ್ಮ ಎನ್ನುತ್ತಾನೆ" ಎಂದು ನನ್ನನ್ನೇ ಗೇಲಿ ಮಾಡಿಕೊಂಡು ಬರೆದೆ. ಜೊತೆಗೆ ಇನ್ನಿಬ್ಬರನ್ನೂ ಅಕ್ಕ ಎಂದೆ. ಅದರಲ್ಲಿ ಒಬ್ಬ ಗಂಡಸು. ಅವರೆಲ್ಲ ನಕ್ಕು ಮರೆತರು.

ತಾಣ ನಡೆಸುವ ಸಮಿತಿಗೆ ನನ್ನ ತಪ್ಪನ್ನು ತಿಳಿಸಿದ್ದೇನೆ, ಯಾರ ವಿಷಯದಲ್ಲಿ ಎಂದು ಹೇಳದೆ. ಕೆಟ್ಟ ಉದ್ದೇಶ ಇರಲಿಲ್ಲ ಎಂದು ಬರೆದು ನಿನ್ನ ಹೊಟ್ಟೆ ಉರಿಸುವುದಿಲ್ಲ. ಹಿರಿಯರನ್ನು ಏಕವಚನದಲ್ಲಿ ಕರೆಯಲು ಕೈ ಏಳಲಿಲ್ಲ, ಅಷ್ಟೇ. ಮರ್ಯಾದೆ ಕೊಡಲು ಹೋಗಿ ಮಾನ ಕಳೆದೆ.

ಇನ್ನು ಮೇಲೆ ನೀನು ತಂಗಿಯೇ. ಯಾರಿಂದ ಕಾಣದಂತಿದ್ದೀಯ ಎಂದು ಕೇಳುವುದಿಲ್ಲ.

ಅಣ್ಣ


ಏಪ್ರಿಲ್ 18

ಅಣ್ಣ,

ಹದಿನೈದು ದಿನ ನಿಮಗೆ ಬರೆಯದೆ ಇದ್ದೆ. ನೀವೂ ಕೆದಕಲಿಲ್ಲ. ನೀವು ಕೇಳದೆ ಇದ್ದದ್ದರಿಂದಲೇ ಹೇಳಬಹುದು ಎನಿಸುತ್ತಿದೆ.

ಪ್ರತಿ ಏಪ್ರಿಲ್‌ನಲ್ಲಿ ಒಂದು ಅರ್ಜಿ ಬರುತ್ತದೆ. ತಮ್ಮನೊಬ್ಬ ಅಕ್ಕನನ್ನು ಹುಡುಕುವ ಅರ್ಜಿ. ಅವಳು ಮನೆ ಬಿಟ್ಟು ಹೋದಾಗ ಅವನಿಗೆ ಎಂಟು ವರ್ಷ. ಹೊರಗಿನವರಿಗೆ ಕಾಣುವ ಪುಟದಲ್ಲಿ ಅವಳ ಹಳೆಯ ಹೆಸರು, ಹುಟ್ಟಿದ ತಾರೀಖು ಇವೆ. ಆರು ವರ್ಷದಿಂದ ಆ ಅರ್ಜಿಗೆ "ಸುಳಿವು ಸಿಕ್ಕಿಲ್ಲ" ಎಂದು ಉತ್ತರ ಬರೆದು ಮುಚ್ಚುವವಳು ನಾನು. ಆ ಅಕ್ಕನೂ ನಾನೇ. ಹೆಸರು ಬದಲಾಯಿಸಿಕೊಂಡೆ, ತಾರೀಖನ್ನು ಬದಲಾಯಿಸಲಿಲ್ಲ. ನನ್ನ ಚೀಟಿ ನೋಡಿಯೂ ನಿಮಗೆ ಹೊಳೆಯದೆ ಇದ್ದದ್ದು ನನ್ನ ಪುಣ್ಯ.

ಗಂಡ ಹೊಡೆಯುತ್ತಿದ್ದ. ಅಪ್ಪನ ಅಂಗಡಿಯಲ್ಲೇ ಕೆಲಸಕ್ಕಿದ್ದವನು, ಆ ಮನೆಗೆ ಮಗನ ಹಾಗೆ ಇದ್ದವನು. ಮುಖ ಊದಿಸಿಕೊಂಡು ಹೋದಾಗ ಅಪ್ಪ ಅಂದದ್ದು, "ಹೊಂದ್ಕೊಂಡು ಹೋಗಮ್ಮ, ನೀನು ಬಾಯಿ ಜೋರು ಮಾಡ್ಬೇಡ." ಅಲ್ಲಿ ನನ್ನ ಪರ ಇದ್ದದ್ದು ಆ ಎಂಟು ವರ್ಷದವನು ಒಬ್ಬನೇ. ನೀರು ತಂದುಕೊಟ್ಟು ಗೋಡೆಗೆ ಒರಗಿ ನಿಲ್ಲುತ್ತಿದ್ದ.

ಆ ಪುಟದಲ್ಲಿ ನನ್ನ ಹೆಸರು ಕಂಡು ತಾಣಕ್ಕೆ ಬಂದದ್ದೇ ಅವನ ಅರ್ಜಿಯನ್ನು ಬೇರೆ ಯಾರೂ ತೆರೆಯದಿರಲಿ ಎಂದು. ಉಳಿದದ್ದು ಮಿಕ್ಕವರ ಅರ್ಜಿಗಳಿಗಾಗಿ. ಆದರೆ ನಿಜ ಹೇಳುತ್ತೇನೆ, ವರ್ಷವಿಡೀ ಏಪ್ರಿಲ್‌ಗಾಗಿ ಕಾಯುತ್ತೇನೆ. ಭೂಮಿಯ ಮೇಲೆ ನನ್ನನ್ನು ಹುಡುಕುವವನು ಒಬ್ಬನಿದ್ದಾನೆ ಎಂಬುದು ಉಣ್ಣುವ ಅನ್ನದಷ್ಟೇ ಬೇಕಾಗಿದೆ.

ಈ ಸಲದ ಅರ್ಜಿಯಲ್ಲಿ ಬರೆದಿದ್ದಾನೆ: "ನನಗೆ ಮಗಳು ಹುಟ್ಟಿದ್ದಾಳೆ. ನಿನ್ನ ಹೆಸರೇ ಇಟ್ಟಿದ್ದೇನೆ. ಒಂದು ಸಲ ಎಲ್ಲಿದ್ದೀಯ ಹೇಳು, ನಾನೇ ಬರುತ್ತೇನೆ." ಸುಳಿವು ಸಿಕ್ಕಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ, ಅಣ್ಣ. ನಾನು ಬಿಟ್ಟುಬಂದ ಆ ಹೆಸರನ್ನು ಒಂದು ಮಗು ಹೊತ್ತಿದೆ. ಹಳದಿ ಬಟ್ಟೆಯಲ್ಲಿ ಒಂದು ಚಿಕ್ಕ ಅಂಗಿ ಹೊಲಿದೂ ಆಯಿತು. ಅಂಗಡಿಯ ವಿಳಾಸ ಕೊಟ್ಟುಬಿಡಲೇ?

ಸೂಜಿ


ಏಪ್ರಿಲ್ 19

ತಂಗಿ,

ಏನೂ ಕೊಡಬೇಡ. ಸ್ವಲ್ಪ ತಡೆ.

ಮೊದಲು ಕಹಿ ಮಾತು. ತನ್ನದೇ ಅರ್ಜಿಯನ್ನು ತಾನೇ ನೋಡಿಕೊಳ್ಳುವ ಹಾಗಿಲ್ಲ. ಆ ಅರ್ಜಿ ಇಂದಿನಿಂದ ನನ್ನದು. ಪರಿಚಯದವರ ಅರ್ಜಿ ಎಂದು ನೀನೇ ಬಿಟ್ಟುಕೊಟ್ಟೆ ಎಂದಷ್ಟೇ ಸಮಿತಿಗೆ ಹೇಳಿದ್ದೇನೆ. ಅದು ಸುಳ್ಳೂ ಅಲ್ಲ.

ಇನ್ನೊಂದು. ಓದುವ ನಮ್ಮನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿ ಗುರುತು ಕೇಳಿದೆವು. ಹುಡುಕಿಕೊಡಿ ಎನ್ನುವವರನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ತಮ್ಮ ಎಂದು ಬರೆದರೆ ತಮ್ಮ ಎಂದು ನಂಬಿದೆವು. ನಿನ್ನ ಪತ್ರ ಓದಿದ ಮೇಲೆ ಇದು ತಲೆ ಕೊರೆಯುತ್ತಿದೆ. ಈ ತಿಂಗಳಿಂದ ಅವರಿಗೂ ಅದೇ ನಿಯಮ ಎಂದು ಸಮಿತಿಯನ್ನು ಒಪ್ಪಿಸಿದ್ದೇನೆ. ವಿಡಿಯೊ ಕರೆಯಲ್ಲಿ ಮುಖ ತೋರಿಸಬೇಕು, ಚೀಟಿಯನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ಅವನನ್ನೂ ಕೇಳುತ್ತೇನೆ. ಸರಿಯಿದೆ ಅಥವಾ ಸರಿಯಿಲ್ಲ ಎಂದು ಮಾತ್ರ ನಿನಗೆ ತಿಳಿಸಬಹುದು. ನಿನ್ನ ಚೀಟಿಯ ವಿಷಯದಲ್ಲಿ ಮಾಡಿದ ತಪ್ಪನ್ನು ಇನ್ನೊಬ್ಬರ ವಿಷಯದಲ್ಲಿ ಮಾಡಲಾರೆ.

ಅಣ್ಣ


ಏಪ್ರಿಲ್ 20

ಅಣ್ಣ,

ಕೇಳಿ. ಆದರೆ ಮೆತ್ತಗೆ ಕೇಳಿ. ಅವನಿಗೆ ಬೇಸರವಾಗಿ ಅರ್ಜಿಯನ್ನೇ ವಾಪಸು ತೆಗೆದುಕೊಂಡಾನು. ಚಿಕ್ಕವನಿದ್ದಾಗಲೂ ಯಾರಾದರೂ ಗದರಿದರೆ ಮೂರು ದಿನ ಮಾತಾಡುತ್ತಿರಲಿಲ್ಲ.

ಈಗ ಅವನ ಮುಖ ಹೇಗಿದೆಯೋ. ನಿಮಗೆ ಕಾಣುತ್ತದೆ, ನನಗಿಲ್ಲ. ಹೇಳಬೇಡಿ, ಗೊತ್ತು, ಹೇಳುವ ಹಾಗಿಲ್ಲ.

ಸೂಜಿ


ಮೇ 6

ತಂಗಿ,

ಈ ಪತ್ರವನ್ನು ಕೂತು ಓದು. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರು ಹೋದ ಮೇಲೆ ಓದು.

ಸರಿಯಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಇಷ್ಟೇ ಹೇಳಿದರೆ ಚೀಟಿಯಲ್ಲಿ ಏನೋ ಅಕ್ಷರ ತಪ್ಪಿರಬಹುದೆಂದು ನೀನು ಆಸೆ ಇಟ್ಟುಕೊಂಡು ವಿಳಾಸ ಕೊಟ್ಟುಬಿಡುತ್ತೀಯ. ಅದಕ್ಕೇ ಸಮಿತಿಯ ಒಪ್ಪಿಗೆ ಪಡೆದು, ನಿನ್ನ ಜೀವಕ್ಕೆ ಬೇಕಾದಷ್ಟನ್ನು ಬರೆಯುತ್ತಿದ್ದೇನೆ. ಚೀಟಿ ನಿಜವಾದದ್ದು, ನಿನ್ನ ತಮ್ಮನದೇ. ಕರೆ ಮಾಡಿದವರು ಫೋನಿನ ಮುಂದಿನ ಕ್ಯಾಮೆರಾ ಕೆಟ್ಟಿದೆ ಎಂದು ಮುಖ ತೋರಿಸಲಿಲ್ಲ. ಚೀಟಿ ಹಿಡಿದ ಕೈ ಮಾತ್ರ ಕಾಣುತ್ತಿತ್ತು. ದಿನಕ್ಕೆ ಎಷ್ಟೋ ಕೈಗಳನ್ನು ಎಕ್ಸ್‌ರೇ ಪ್ಲೇಟಿನ ಮೇಲೆ ಇಡಿಸುವವನು ನಾನು. ಅದು ಮೂವತ್ತಾರರ ಕೈಯಲ್ಲ. ಅರವತ್ತು ದಾಟಿದ ಕೈ. ಮುಖ ತೋರಿಸದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದೆ. ಬೈದು ಕರೆ ತುಂಡು ಮಾಡಿದರು.

ಅರ್ಜಿಯನ್ನು ನಾನೇ ಮುಚ್ಚಿದ್ದೇನೆ. ನೀನು ಅಲ್ಲಿ ಎಲ್ಲೂ ಇಲ್ಲ. ಹೊರಗಿನ ಪುಟವನ್ನೂ ತೆಗೆದಾಯಿತು.

ಅಣ್ಣ


ಮೇ 8

ಅಣ್ಣ,

ಒಂದೇ ಒಂದು ಪ್ರಶ್ನೆ. ಆ ಕೈಯ ಕಿರುಬೆರಳು ಮಡಚದೆ ನೆಟ್ಟಗೆ ನಿಂತಿತ್ತೇ?

ನನ್ನ ಮೇಲೆ ಎತ್ತಿದ ಕೈ ಬಾಗಿಲ ಚೌಕಟ್ಟಿಗೆ ಬಡಿದು ಮುರಿದ ಬೆರಳು ಅದು. ಮೂಳೆ ಕೂಡಿತು, ಮಡಚಲು ಮಾತ್ರ ಬರಲಿಲ್ಲ. ಆ ದಿನವೂ ಅದು ನನ್ನದೇ ತಪ್ಪಾಗಿತ್ತು.

ಸೂಜಿ


ಮೇ 15

ತಂಗಿ,

ಇಲ್ಲಿ ಬಿಸಿಲು ಜೋರು. ಎಕ್ಸ್‌ರೇ ಕೋಣೆಯ ಫ್ಯಾನು ಕೆಟ್ಟಿದೆ. ಸೀಸದ ಏಪ್ರನ್ ಹಾಕಿಕೊಂಡು ಬೆವರಿನಲ್ಲಿ ಮುಳುಗೇಳುತ್ತಿದ್ದೇನೆ. ಮಗಳು ಶಾಲೆಯ ಹಳೆಯ ಲಂಗದ ಅಂಚು ಬಿಚ್ಚಿ ಉದ್ದ ಮಾಡಲು ಹೋಗಿ ಬಟ್ಟೆಯನ್ನೇ ಕತ್ತರಿಸಿದಳು. ನೀನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ.

ಹೊಸಬರಿಬ್ಬರೂ ನಿನ್ನನ್ನು ಕೇಳುತ್ತಿದ್ದಾರೆ. ನಿನಗೆ ಆದಾಗ ಬಾ. ನಿನ್ನ ಜಾಗ ಹಾಗೆಯೇ ಇದೆ.

ಅಣ್ಣ


ಜೂನ್ 2

ಅಣ್ಣ,

ಫ್ಯಾನಿನ ಬಗ್ಗೆ ಬರೆದಿರಿ, ಲಂಗದ ಬಗ್ಗೆ ಬರೆದಿರಿ. ಬೆರಳಿನ ಬಗ್ಗೆ ಬರೆಯಲಿಲ್ಲ. ಉತ್ತರ ಸಿಕ್ಕಿತು. ಈ ಸಲ ಕೊಟ್ಟ ಮಾತು ಉಳಿಸಿಕೊಂಡಿರಿ.

ಅತ್ತುಬಿಟ್ಟೆ. ಹೆದರಿಕೆಗೆ ಅಲ್ಲ. ಆ ಹೆದರಿಕೆ ಹಳೆಯದು, ಅದರ ಜೊತೆ ಬದುಕುವುದು ಅಭ್ಯಾಸವಾಗಿದೆ. ಆರು ಏಪ್ರಿಲ್ ನನ್ನ ತಮ್ಮ ನನ್ನನ್ನು ಹುಡುಕುತ್ತಿದ್ದಾನೆ ಎಂದು ಬದುಕಿದೆನಲ್ಲ, ಅವನು ಹುಡುಕಲೇ ಇಲ್ಲ ಎಂದು ಅತ್ತೆ. ಯಾರಿಂದ ಓಡಿ ಬಂದೆನೋ ಅವನ ಅಕ್ಷರವನ್ನೇ ಎದೆಗೊತ್ತಿಕೊಂಡಿದ್ದೆ.

ಆಮೇಲೆ ಆ ಅರ್ಜಿಗಳಲ್ಲಿ ನೆನಪಿದ್ದದ್ದನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಓದಿದೆ. "ಅಕ್ಕ ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದಳು" ಎಂದಿತ್ತು. ಪ್ರತಿ ವರ್ಷ ಆ ಸಾಲಿನ ಹತ್ತಿರ ಏನೋ ಚುಚ್ಚುತ್ತಿತ್ತು. ಪಾಪ, ಮರೆತಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ನನ್ನ ತಮ್ಮ ಒಂದು ದಿನವೂ ಕೈ ಕೊಟ್ಟವನಲ್ಲ. ಗೆಳೆಯರು ನಗುತ್ತಾರೆಂದು ನಾಚಿಕೆ ಅವನಿಗೆ. ನನ್ನ ಚೀಲದ ಪಟ್ಟಿಯ ತುದಿ ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಅವನ ಚೀಟಿ ಆ ಕೈಗೆ ಹೇಗೆ ಬಂತು? ಅಪ್ಪನ ಅಂಗಡಿಯ ಮೇಜಿನಲ್ಲಿ ಬಿದ್ದಿತ್ತೋ, ಅವನೇ ಕೊಟ್ಟನೋ ತಿಳಿಯದು. ಕೊಟ್ಟಿದ್ದರೂ ಯಾತಕ್ಕೆಂದು ತಿಳಿದು ಕೊಟ್ಟನೋ ಇಲ್ಲವೋ. ಮಗಳು ಇದ್ದಾಳೋ, ಅದೂ ಕಟ್ಟುಕಥೆಯೋ. ಹಳದಿ ಅಂಗಿಯನ್ನು ಬಿಚ್ಚಿಹಾಕೋಣವೆಂದು ಕತ್ತರಿ ತೆಗೆದೆ. ಆಗಲಿಲ್ಲ. ಮಡಚಿಟ್ಟಿದ್ದೇನೆ.

ಇರಲಿ. ಈಗ ಕೆಲಸದ ಮಾತು. ಇದನ್ನು ನಿಮ್ಮ ತಂಗಿಯ ಪತ್ರ ಎಂದು ಓದಬೇಡಿ. ಅರ್ಜಿ ಎಂದು ಓದಿ.

ಹುಡುಕಬೇಕಾದವನು ನನ್ನ ತಮ್ಮ. ಹೆಸರು, ಹುಟ್ಟಿದ ವರ್ಷ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅವನ ಚೀಟಿಯಲ್ಲಿ ನೀವು ವಿಳಾಸ ನೋಡಿರುತ್ತೀರಿ. ಅದನ್ನು ಬಳಸಬೇಡಿ. ಅದು ಆ ಕೈಯಿಂದ ಬಂದದ್ದು. ಎಲ್ಲರ ಅರ್ಜಿಯ ಹಾಗೆ ಸರದಿಯಲ್ಲಿ, ನೇರ ದಾರಿಯಲ್ಲಿ ಹುಡುಕಿ, ಎಷ್ಟು ದಿನವಾದರೂ ಆಗಲಿ. ಹೊರಗಿನ ಪುಟದಲ್ಲಿ ಹಾಕಬೇಡಿ. ಸಿಕ್ಕರೆ ಅವನೊಬ್ಬನಿದ್ದಾಗ ಕೇಳಿ. ಮುಖ ತೋರಿಸಲೇಬೇಕು. ನನ್ನ ಊರು, ಅಂಗಡಿ ಏನನ್ನೂ ಹೇಳಬೇಡಿ. ಅವನು ಅಕ್ಕ ಬೇಡ ಎಂದರೆ ಬೇಡ ಎಂದೇ ಬರೆದು ಮುಚ್ಚಿ, ನನಗೆ ಹಾಗೆಯೇ ತಿಳಿಸಿ. ಸುಳಿವು ಸಿಕ್ಕಿಲ್ಲ ಎಂದು ಮಾತ್ರ ಬರೆಯಬೇಡಿ. ಆ ಉತ್ತರವನ್ನು ಎಷ್ಟು ಸಲೀಸಾಗಿ ಬರೆಯಬಹುದೆಂದು ನನಗೆ ಗೊತ್ತು.

ಅರ್ಜಿದಾರರ ಗುರುತು ಬೇಕಲ್ಲ. ನನ್ನ ಚೀಟಿಯ ಪ್ರತಿಯನ್ನು ನೀವು ಅಳಿಸಿದ್ದೀರಿ, ಮತ್ತೆ ಲಗತ್ತಿಸಿದ್ದೇನೆ. ಈ ಸಲ ಒಮ್ಮೆಯೂ ಕಂಪ್ಯೂಟರ್ ಮುಚ್ಚಲಿಲ್ಲ. ವಿಡಿಯೊ ಕರೆಗೂ ಸಿದ್ಧ. ತಲೆ ನರೆತಿದೆ, ನೋಡಿ ಗಾಬರಿಯಾಗಬೇಡಿ. ನನ್ನ ಫೋನ್ ನಂಬರು ಕೊನೆಯಲ್ಲಿದೆ. ಇದುವರೆಗೆ ಯಾವ ಅರ್ಜಿಯಲ್ಲೂ, ಯಾರಿಗೂ ಬರೆದುಕೊಟ್ಟದ್ದಲ್ಲ.

ಅವನು ಸಿಕ್ಕ ದಿನ ಒಂದೇ ಪ್ರಶ್ನೆ ಕೇಳಿ. ಅಕ್ಕನ ಜೊತೆ ಶಾಲೆಗೆ ಹೇಗೆ ಹೋಗುತ್ತಿದ್ದೆ ಎಂದು. ಕೈ ಹಿಡಿದು ಎಂದರೆ ಅವನಲ್ಲ, ಅಲ್ಲಿಗೇ ನಿಲ್ಲಿಸಿ. ಚೀಲದ ಪಟ್ಟಿ ಎಂದರೆ ಪತ್ರ ಬರೆಯುತ್ತಾ ಕೂರಬೇಡಿ, ಫೋನ್ ಮಾಡಿ.

ಹಲಗೆಯಲ್ಲಿ, ಪತ್ರಗಳಲ್ಲಿ ನಾನು ನಿಮ್ಮ ತಂಗಿಯಾಗಿಯೇ ಇರುತ್ತೇನೆ. ಆದರೆ ಈ ಒಂದು ಅರ್ಜಿಯಲ್ಲಿ, ಕಾಣೆಯಾದವರಿಗೂ ಅರ್ಜಿದಾರರಿಗೂ ಏನು ಸಂಬಂಧ ಎಂದು ಕೇಳುವ ಜಾಗವಿದೆಯಲ್ಲ, ಅಲ್ಲಿ ನಿಮ್ಮ ಕೈಯಾರೆ ಬರೆಯಿರಿ:

ಅಕ್ಕ.